ಕೆಲವೇ ತಾಸುಗಳ ವಿಶ್ವ ಚಾಂಪಿಯನ್

1923ರ ಅಕ್ಟೋಬರ್ 4ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಕೊಲಂಬಸ್ ಊರಿನಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಯಂಗ್ ಸ್ಟ್ರಿಬ್ಲಿಂಗ್ ಎಂಬ ಹುಡುಗ ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್ ಎನಿಸಿಕೊಂಡ. ಕೆಲವು ತಾಸು ಕಳೆಯುವಷ್ಟರಲ್ಲಿ ಪಟ್ಟ ಕೈತಪ್ಪಿತು. ಅಷ್ಟರಲ್ಲಿ ಒಂದು ಗುದ್ದೂ ಬಿದ್ದಿರಲಿಲ್ಲ. ರೆಫರಿ ಮಾತು ಬದಲಿಸಿದ್ದ, ಅಷ್ಟೇ.

ಅದು ಲೈಟ್ ಹೆವಿವೇಟ್ ವಿಭಾಗದ ಪಂದ್ಯ. ದೇಹದ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೋ ಮೀರಬಾರದು. ಈ ವಿಭಾಗದ ಪಟ್ಟದ ಪಂದ್ಯಗಳ ಸುತ್ತ ಎದ್ದಷ್ಟು ತಕರಾರುಗಳು ಆಟದ ಹಳೆಯ ಅಭಿಮಾನಿಗಳಿಗೆ ಇಂದಿಗೂ ಮುಗಿಯದ ಹರಟೆಯ ಸರಕು. ಇಲ್ಲಿ ಹೆಸರು ಮಾಡಿದವನ ಕಣ್ಣು ಮೇಲಿನ ಹೆವಿವೇಟ್ ವಿಭಾಗದ ದುಡ್ಡಿನ ಮೇಲೆ ನೆಟ್ಟಿರುತ್ತದೆ. ಅವನು ಅತ್ತ ಹೊರಟರೆ ಇತ್ತ ಗದ್ದುಗೆ ಯಾರದೆಂಬ ಜಗಳ. ಹಳೆಯ ಪಂದ್ಯಗಳನ್ನು ಮರಳಿ ನೋಡುವವರು ಸಾಮಾನ್ಯವಾಗಿ ಯಾರು ಹೆಚ್ಚು ಹೊಡೆದರು ಎಂದು ಎಣಿಸಲು ಕೂರುತ್ತಾರೆ. ಆದರೆ ಈ ವಿಭಾಗದ ದೊಡ್ಡ ವಿವಾದಗಳಲ್ಲಿ ತೀರ್ಪು ಹೇಳುವ ಹಕ್ಕು ಯಾರ ಕೈಯಲ್ಲಿತ್ತು, ಅವರ ಸುತ್ತ ಯಾರು ನಿಂತಿದ್ದರು ಎಂಬುದೇ ಹೆಚ್ಚು ಸಂಗತಿಗಳನ್ನು ಬಾಯಿಬಿಡಿಸುತ್ತದೆ.

ಸ್ಟ್ರಿಬ್ಲಿಂಗ್‌ನ ಕತೆಯ ಬೇರು ಒಂದು ವರ್ಷ ಹಿಂದೆ, ಪ್ಯಾರಿಸ್‌ನಲ್ಲಿದೆ. ಜಾರ್ಜ್ ಕಾರ್ಪಾಂತಿಯೆ ಆಗ ಫ್ರಾನ್ಸ್‌ನ ಕಣ್ಮಣಿ. ಯುದ್ಧವೀರ, ರೂಪವಂತ, 1920ರಿಂದ ಲೈಟ್ ಹೆವಿವೇಟ್ ಚಾಂಪಿಯನ್. 1921ರಲ್ಲಿ ಹೆವಿವೇಟ್ ಪಟ್ಟಕ್ಕಾಗಿ ಜ್ಯಾಕ್ ಡೆಂಪ್ಸಿಯ ಎದುರು ನಿಂತು ನಾಲ್ಕನೇ ಸುತ್ತಿನಲ್ಲಿ ಮಣ್ಣುಮುಕ್ಕಿದ್ದರೂ ತವರಿನಲ್ಲಿ ಅವನ ಮೆರುಗು ಮಾಸಿರಲಿಲ್ಲ. 1922ರ ಸೆಪ್ಟೆಂಬರ್ 24ರಂದು ಅವನೆದುರು ನಿಂತವನು ಸೆನೆಗಲ್‌ನ ಸೇಂಟ್ ಲೂಯಿ ಪಟ್ಟಣದಲ್ಲಿ ಹುಟ್ಟಿದ ಬ್ಯಾಟ್ಲಿಂಗ್ ಸಿಕಿ. ಫ್ರೆಂಚ್ ಸೇನೆಯಲ್ಲಿ ಮಹಾಯುದ್ಧ ಕಾದು ಶೌರ್ಯಪದಕ ಪಡೆದಿದ್ದವನು ಅವನೂ ಹೌದು. ಆದರೆ ಪತ್ರಿಕೆಗಳು ಅವನನ್ನು ಬಣ್ಣಿಸಿದ್ದು ಕಾಡಿನಿಂದ ನೇರ ಇಳಿದುಬಂದವನಂತೆ.

ಮೊದಲ ಸುತ್ತುಗಳಲ್ಲಿ ಸಿಕಿ ನೆಲಕ್ಕೆ ಬಿದ್ದ. ಬಿದ್ದ ರೀತಿ ತುಸು ವಿಚಿತ್ರವೇ ಆಗಿತ್ತು. ಆಮೇಲೆ ಅದೇನು ಮನಸ್ಸಿಗೆ ಬಂತೋ, ತಿರುಗಿಬಿದ್ದು ಬಾರಿಸತೊಡಗಿದ. ಆರನೇ ಸುತ್ತಿನಲ್ಲಿ ಕಾರ್ಪಾಂತಿಯೆ ಉರುಳಿದವನು ಏಳಲೇ ಇಲ್ಲ. ರೆಫರಿ ಮಾತ್ರ ಸಿಕಿ ಕಾಲು ಕೊಟ್ಟು ಬೀಳಿಸಿದನೆಂದು ಹೇಳಿ, ಅವನನ್ನು ಅನರ್ಹಗೊಳಿಸಿ ಕಾರ್ಪಾಂತಿಯೆಯೇ ಗೆದ್ದನೆಂದು ಸಾರಿಬಿಟ್ಟ. ಕೆರಳಿದ್ದು ಕಾರ್ಪಾಂತಿಯೆಯನ್ನು ನೋಡಲೆಂದೇ ಬಂದಿದ್ದ ಜನ! ತಮ್ಮವನೇ ಗೆದ್ದಿದ್ದರೂ ಅವರಿಗೆ ಆ ಗೆಲುವು ಬೇಡವಾಗಿತ್ತು. ಗದ್ದಲ ನಿಲ್ಲಲಿಲ್ಲ. ಕೊನೆಗೆ ತೀರ್ಪುಗಾರರು ರೆಫರಿಯ ಮಾತನ್ನು ತಳ್ಳಿಹಾಕಿ ಸಿಕಿಯ ನಾಕೌಟ್ ಗೆಲುವನ್ನು ಒಪ್ಪಿಕೊಂಡರು. ಆಫ್ರಿಕಾದಲ್ಲಿ ಹುಟ್ಟಿದವನೊಬ್ಬ ಬಾಕ್ಸಿಂಗ್‌ನ ವಿಶ್ವ ಪಟ್ಟ ಏರಿದ್ದು ಅದೇ ಮೊದಲು.

ಮುಂದಿನದು ಇನ್ನೂ ಸ್ವಾರಸ್ಯ. ಪಂದ್ಯ ಮೊದಲೇ ಗೊತ್ತುಪಡಿಸಿದ್ದು, ತಾನು ಸೋಲಬೇಕೆಂದು ಮಾತಾಗಿತ್ತು, ಕಣಕ್ಕಿಳಿದ ಮೇಲೆ ಮನಸ್ಸು ಬದಲಿಸಿದೆ ಎಂದು ಸಿಕಿಯೇ ಹೇಳಿದ. ಸೆನೆಗಲ್‌ನ ಪ್ರತಿನಿಧಿ ಬ್ಲೇಜ್ ದಿಯಾಞ್ ಇದನ್ನು ಫ್ರೆಂಚ್ ಸಂಸತ್ತಿನವರೆಗೂ ಒಯ್ದರು. ಆರೋಪ ಸಾಬೀತಾಗಲಿಲ್ಲ. ಆದರೂ ಮೊದಲ ಸುತ್ತುಗಳಲ್ಲಿ ಅವನು ಬಿದ್ದ ರೀತಿಯನ್ನು ನೆನೆದರೆ ಸಿಕಿಯ ಮಾತನ್ನು ಸುಮ್ಮನೆ ತಳ್ಳಿಹಾಕುವುದು ಕಷ್ಟ. ಫ್ರೆಂಚ್ ಬಾಕ್ಸಿಂಗ್ ಒಕ್ಕೂಟ ಬೇರೊಂದು ಜಗಳದ ನೆಪದಲ್ಲಿ ಅವನನ್ನು ಅಮಾನತು ಮಾಡಿತು. ಲಂಡನ್‌ನಲ್ಲಿ ಜೋ ಬೆಕೆಟ್‌ನ ಜೊತೆ ಗೊತ್ತಾಗಿದ್ದ ಪಂದ್ಯವನ್ನು ಬ್ರಿಟಿಷ್ ಗೃಹ ಇಲಾಖೆ ತಡೆಯಿತು. ಬಿಳಿಯನನ್ನು ಕರಿಯನೊಬ್ಬ ನೆಲಕ್ಕುರುಳಿಸುವ ನೋಟ ಭಾರತವೂ ಸೇರಿದ್ದ ಆ ಸಾಮ್ರಾಜ್ಯದ ದೊರೆಗಳಿಗೆ ಹಿಡಿಸುವಂಥದ್ದಾಗಿರಲಿಲ್ಲ. ಮುಂದೆ ಹೋ ಚಿ ಮಿನ್ ಎಂದು ಹೆಸರಾದ ವಿಯೆಟ್ನಾಂ ತರುಣ ಆಗ ಪ್ಯಾರಿಸ್‌ನಲ್ಲಿದ್ದು ಸಿಕಿಯ ಬಗ್ಗೆ ಪತ್ರಿಕೆಯಲ್ಲಿ ಬರೆದದ್ದೂ ಈ ಕಾರಣಕ್ಕೇ.

ಎಲ್ಲ ಬಾಗಿಲು ಮುಚ್ಚಿದ ಮೇಲೆ ಸಿಕಿ ಒಪ್ಪಿಕೊಂಡ ಪಂದ್ಯ ಐರಿಷ್ ಬಾಕ್ಸರ್ ಮೈಕ್ ಮೆಕ್‌ಟೀಗ್‌ನ ವಿರುದ್ಧ. ನಡೆದದ್ದು ಡಬ್ಲಿನ್‌ನಲ್ಲಿ, ಅದೂ 1923ರ ಮಾರ್ಚ್ 17ರಂದು, ಐರಿಷರ ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ. ಐರ್ಲೆಂಡಿನ ಅಂತರ್ಯುದ್ಧ ಇನ್ನೂ ನಡೆಯುತ್ತಿತ್ತು, ಆ ಸಂಜೆ ಕಣದ ಹತ್ತಿರವೇ ಸ್ಫೋಟವಾಯಿತು. 20 ಸುತ್ತು ಮುಗಿದಾಗ ಅಂಕಗಳ ಮೇಲೆ ಮೆಕ್‌ಟೀಗ್ ಗೆದ್ದನೆಂದು ತೀರ್ಪಾಯಿತು. ಬಾಕ್ಸಿಂಗ್ ಹರಟೆಯಲ್ಲಿ ಇದಕ್ಕೆ ಹಗಲುದರೋಡೆ ಎಂಬ ಹಣೆಪಟ್ಟಿ ಇದೆ. ಇದನ್ನು ಒಪ್ಪುವ ಮುನ್ನ ಸ್ವಲ್ಪ ತಡೆಯಬೇಕು. ಅಂಥ ದಿನ, ಅಂಥ ಊರಲ್ಲಿ ಐರಿಷನೊಬ್ಬನಿಗೆ ಪಟ್ಟ ಪಣವಿಟ್ಟದ್ದು ಮೂರ್ಖತನ, ನಿಜ. ಆದರೆ ಹಿಂದೆ ಸರಿಯುತ್ತಲೇ ಎಡಗೈಯಿಂದ ಅಂಕ ಗಳಿಸುವುದು ಮೆಕ್‌ಟೀಗ್‌ನ ವರಸೆ. ಮುನ್ನುಗ್ಗುವವನೇ ಗೆಲ್ಲುತ್ತಿದ್ದಾನೆಂದು ಕಣ್ಣಿಗೆ ಕಂಡರೂ ಅಂಕಗಳ ಲೆಕ್ಕ ಬೇರೆ ಹೇಳಬಹುದು. ತೀರ್ಪು ನೀಡಿದ ಜಾಗ ಅನುಮಾನ ಹುಟ್ಟಿಸುವಂತಿದ್ದ ಮಾತ್ರಕ್ಕೆ ತೀರ್ಪೇ ತಪ್ಪೆನ್ನಲಾಗದು.

ಅದೇ ಮೆಕ್‌ಟೀಗ್ ಏಳು ತಿಂಗಳೊಳಗೆ ಕೊಲಂಬಸ್‌ನಲ್ಲಿ ತಾನೇ ಸಿಕ್ಕಿಬಿದ್ದ. ಸ್ಟ್ರಿಬ್ಲಿಂಗ್ ಜಾರ್ಜಿಯಾದವರ ಮನೆಮಗ. ಕೈಗೆ ಪೆಟ್ಟಾಗಿದೆ, ಆಡಲಾರೆ ಎಂದು ಮೆಕ್‌ಟೀಗ್ ಹೇಳಿದರೂ ಊರಿನವರು ಬಿಡಲಿಲ್ಲ, ಬೆದರಿಸಿ ಕಣಕ್ಕಿಳಿಸಿದರು. ರೆಫರಿ ಹ್ಯಾರಿ ಅರ್ಟ್ಲ್ ಸಾಮಾನ್ಯನಲ್ಲ, ಡೆಂಪ್ಸಿ–ಕಾರ್ಪಾಂತಿಯೆ ಪಂದ್ಯ ನಡೆಸಿದ್ದವನೇ. ಹತ್ತು ಸುತ್ತು ಮುಗಿದಾಗ ಅವನು ಸಮಬಲ ಎಂದ. ಜನ ರಿಂಗಿನತ್ತ ನುಗ್ಗಿದರು. ಅವನು ಸ್ಟ್ರಿಬ್ಲಿಂಗ್‌ನೇ ಗೆದ್ದನೆಂದ. ಸುರಕ್ಷಿತ ಜಾಗ ತಲುಪಿದ ಮೇಲೆ, ತನ್ನ ನಿಜವಾದ ತೀರ್ಪು ಸಮಬಲವೇ ಎಂದು ಬರೆದು ಸಹಿ ಹಾಕಿದ. ದಾಖಲೆಯಲ್ಲಿ ಉಳಿದದ್ದು ಅದು. ಪ್ಯಾರಿಸ್‌ನಲ್ಲಿ ಗುಂಪಿನ ಕೂಗು ತಪ್ಪನ್ನು ತಿದ್ದಿತ್ತು, ಇಲ್ಲಿ ಅದೇ ಕೂಗು ರೆಫರಿಯ ಬಾಯಿ ಕಟ್ಟಿತು. 1924ರ ಮಾರ್ಚ್‌ನಲ್ಲಿ ಇಬ್ಬರೂ ನ್ಯೂವರ್ಕ್‌ನಲ್ಲಿ ಮತ್ತೆ ಸೆಣಸಿದರು. ಅಲ್ಲಿ ಅಧಿಕೃತ ತೀರ್ಪು ಕೊಡುವ ಪದ್ಧತಿಯೇ ಇರಲಿಲ್ಲ. ಪತ್ರಕರ್ತರು ಸ್ಟ್ರಿಬ್ಲಿಂಗ್ ಗೆದ್ದನೆಂದು ಬರೆದರು. ಪಟ್ಟ ಮಾತ್ರ ಮೆಕ್‌ಟೀಗ್‌ನ ಬಳಿಯೇ ಉಳಿಯಿತು.

ಮೂವರು ತೀರ್ಪುಗಾರರು, ಸುತ್ತಿಗೆ ಹತ್ತು ಅಂಕದ ಲೆಕ್ಕ, ಟಿವಿ ಮರುಪ್ರಸಾರ ಎಲ್ಲ ಬಂದ ಮೇಲೆ ಇಂಥ ವಿವಾದಗಳು ನಿಂತವೇ? ತಪ್ಪಾಟದ ಮಟ್ಟಿಗೆ ವಿಡಿಯೊ ನೆರವಾಯಿತು. 1997ರ ಮಾರ್ಚ್ 21ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಒಂಬತ್ತನೇ ಸುತ್ತಿನಲ್ಲಿ ಮಂಡಿಯೂರಿದ್ದ ಮಾಂಟೆಲ್ ಗ್ರಿಫಿನ್‌ಗೆ ಗುದ್ದಿ ಇದೇ ವಿಭಾಗದ ಚಾಂಪಿಯನ್ ರಾಯ್ ಜೋನ್ಸ್ ಅನರ್ಹನಾದ. ಆ ತುಣುಕನ್ನು ಈಗ ಯಾರು ನೋಡಿದರೂ ರೆಫರಿ ಸರಿಯೆಂದೇ ಹೇಳಿಯಾರು. ಆಗಸ್ಟ್‌ನ ಮರುಪಂದ್ಯದಲ್ಲಿ ಜೋನ್ಸ್ ಮೊದಲ ಸುತ್ತಿನಲ್ಲೇ ಗ್ರಿಫಿನ್‌ನನ್ನು ಮಲಗಿಸಿದ.

ಆಮೇಲೆ ಜೋನ್ಸ್‌ಗೂ ಹೆವಿವೇಟ್ ಆಸೆ ಹುಟ್ಟಿತು. ಅವನು ತೊರೆದ ವಿಶ್ವ ಬಾಕ್ಸಿಂಗ್ ಮಂಡಳಿಯ (ಡಬ್ಲ್ಯುಬಿಸಿ) ಪಟ್ಟಕ್ಕೆ 1998ರ ಮಾರ್ಚ್ 21ರಂದು ಬರ್ಲಿನ್‌ನಲ್ಲಿ ಜರ್ಮನಿಯ ಗ್ರಾಸಿಯಾನೊ ರೊಕಿಜಿಯಾನಿ ಮತ್ತು ಮೈಕೆಲ್ ನನ್ ಸೆಣಸಿದರು. ಒಡಕು ತೀರ್ಪಿನಲ್ಲಿ ಗೆದ್ದವನು ರೊಕಿಜಿಯಾನಿ. ಆದರೆ ಜೋನ್ಸ್ ಹಿಂತಿರುಗಿದಾಗ ಡಬ್ಲ್ಯುಬಿಸಿ ಪಟ್ಟವನ್ನು ಅವನಿಗೇ ಒಪ್ಪಿಸಿತು. ರೊಕಿಜಿಯಾನಿಯನ್ನು ಪೂರ್ಣ ಚಾಂಪಿಯನ್ ಎಂದು ಪಟ್ಟಿಯಲ್ಲಿ ತೋರಿಸಿದ್ದು ಮುದ್ರಣದೋಷ ಎಂದು ಸಮಜಾಯಿಷಿ ಕೊಟ್ಟಿತು! ಅವನು ಪೆಟ್ಟು ತಿಂದು ಸುಮ್ಮನಿರುವ ಪೈಕಿಯಲ್ಲ, ನ್ಯೂಯಾರ್ಕ್‌ನ ನ್ಯಾಯಾಲಯಕ್ಕೆ ಹೋದ. 2002ರಲ್ಲಿ ನ್ಯಾಯಾಲಯ 3 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರ ವಿಧಿಸಿತು. ಡಬ್ಲ್ಯುಬಿಸಿ ದಿವಾಳಿ ಅರ್ಜಿ ಹಾಕಿತು. ಕೊನೆಗೆ 2004ರಲ್ಲಿ ತೀರಾ ಕಡಿಮೆ ಮೊತ್ತಕ್ಕೆ ರಾಜಿಯಾಯಿತು. ಆ ನನ್ ಪಂದ್ಯದ ಒಂದೊಂದು ಸುತ್ತನ್ನೂ ಮರಳಿ ನೋಡಿ ಅಂಕ ಹಾಕಿದರೂ ಈ ವಿವಾದದ ಒಂದಕ್ಷರವೂ ಅದರಲ್ಲಿ ಕಾಣಿಸುವುದಿಲ್ಲ.