ಹತ್ತು ಫೂಟಿನ ರೂಮು ಏಳಾದ ಕಥೆ: ಮನೆ ಪ್ಲಾನ್ ಬಿಡಿಸುವವರಿಗೆ ಒಂದಿಷ್ಟು ಟಿಪ್ಸ್

ಕುಮಾರಪಟ್ಟಣ ಅಂದ್ರೆ ತುಂಬಾ ಜನಕ್ಕೆ ಗೊತ್ತಾಗಲ್ಲ, ಹರಿಹರ ಅಂದ್ರೆ ಗೊತ್ತಾಗುತ್ತೆ. ತುಂಗಭದ್ರೆಯ ಆ ದಂಡೆಗೆ ಹರಿಹರ, ದಾವಣಗೆರೆ ಜಿಲ್ಲೆ. ಈ ದಂಡೆಗೆ ಕುಮಾರಪಟ್ಟಣ, ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕು. ನಮ್ಮ ಗುಂಪಿನಲ್ಲಿ ಒಬ್ಬನ ಸೋದರತ್ತೆ ಅಲ್ಲೇ ಇರೋದು. ಮಾವ ಫ್ಯಾಕ್ಟರಿಯಿಂದ ರಿಟೈರ್ ಆದರು, ಪಿಎಫ್ ದುಡ್ಡು ಬಂತು, ಬಹಳ ವರ್ಷದಿಂದ ಖಾಲಿ ಬಿದ್ದಿದ್ದ ಮೂವತ್ತು ನಲವತ್ತು ಸೈಟಿನಲ್ಲಿ ಮನೆ ಕಟ್ಟೋದು ಅಂತ ತೀರ್ಮಾನ ಆಯ್ತು. "ಮನ್ಯಾಗ ಎಂಜಿನಿಯರ್ ಇದ್ದಾರಲ್ಲ" ಅಂತ ಅತ್ತೆ ನಮ್ಮ ಮೂವರಿಗೂ ಪ್ಲಾನ್ ಬಿಡಿಸೋಕೆ ಹೇಳಿಬಿಟ್ಟರು. ನಾವಿನ್ನೂ ಸೆಕೆಂಡ್ ಇಯರ್ ಸಿವಿಲ್ ಅನ್ನೋದು ಅವರಿಗೆ ದೊಡ್ಡ ವಿಷಯ ಅನ್ನಿಸಲೇ ಇಲ್ಲ. ನಿಜ ಹೇಳಬೇಕಂದ್ರೆ ನಮಗೂ ಅನ್ನಿಸಲಿಲ್ಲ.

ಫಸ್ಟ್ ಇಯರ್ ಡ್ರಾಯಿಂಗ್ ಲ್ಯಾಬ್‌ನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ವಿ. ಆಟೋಕ್ಯಾಡ್‌ನಲ್ಲಿ ಪ್ಲಾನ್, ಸ್ಕೆಚ್‌ಅಪ್‌ನಲ್ಲಿ ತ್ರೀಡಿ, ಎಲ್ಲ ಸೇರಿ ಎರಡು ವಾರ. ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ವಿ. ಪಾಯ ಗುರುತು ಹಾಕೋ ದಿನ ನಾವೂ ಹೋಗಿ ನಿಂತಿದ್ವಿ. ಗೌಂಡಿ ಕಾಕಾ ಸುಣ್ಣದ ಪುಡಿಯಲ್ಲಿ ಗೆರೆ ಎಳೀತಾ ಎಳೀತಾ ಒಂದು ಕಡೆ ನಿಂತುಬಿಟ್ಟರು. "ತಮ್ಮಾ, ಹೊರಗಿನ ಅಳತಿ ಬರೋಬ್ಬರಿ ಐತಿ. ಒಳಗ ಇಷ್ಟ್ ಜಾಗ ಉಳೀತಲ್ಲ, ಇದು ಯಾರ ಖೋಲಿ?" ಅಂದರು. ಅತ್ತೆ ಬೆಡ್‌ರೂಮಿನ ಗೆರೆಯೊಳಗೆ ಹೋಗಿ ನಿಂತು ಎರಡೂ ಕೈ ಚಾಚಿ, "ಮಂಚ ಹಾಕಿದ್ರ ಬೀರು ಎಲ್ಲಿ ಇಡೋದೋ?" ಅಂದರು. ಹತ್ತು ಫೂಟ್ ಇರಬೇಕಾದ ರೂಮು ಏಳು ಫೂಟ್ ಆಗಿತ್ತು.

ಯಾಕೆ ಹಾಗಾಯ್ತು ಅಂತ ಮುಂದೆ ಹೇಳ್ತೀವಿ. ಸುಣ್ಣದ ಪುಡಿ ಆಗಿದ್ದಕ್ಕೆ ಪೊರಕೆಯಲ್ಲೇ ಮುಗೀತು. ಕಲ್ಲು ಕಟ್ಟಿದ ಮೇಲೆ ಗೊತ್ತಾಗಿದ್ದಿದ್ರೆ ಮಾವನ ಪಿಎಫ್ ದುಡ್ಡು ಹೋಗ್ತಿತ್ತು. ಅದಕ್ಕೇ ಈ ಬರಹ. ನಿಮ್ಮ ಮನೆಯಲ್ಲೂ "ಎಂಜಿನಿಯರ್ ಇದ್ದಾನಲ್ಲ" ಅನ್ನೋ ದಿನ ಬಂದೇ ಬರುತ್ತೆ. ಆವತ್ತಿಗೆ ಇದು ಉಪಯೋಗಕ್ಕೆ ಬರಲಿ.

1. ಮೊದಲು ಟೇಪು, ಆಮೇಲೆ ಲ್ಯಾಪ್‌ಟಾಪು

ಮೂವತ್ತು ನಲವತ್ತು ಅಂತ ಕಾಗದದಲ್ಲಿ ಇದ್ದ ಮಾತ್ರಕ್ಕೆ ನೆಲದ ಮೇಲೆ ಹಾಗೇ ಇರಬೇಕಂತ ಇಲ್ಲ. ನಾಲ್ಕೂ ಬದಿ ಅಳೆಯಿರಿ, ಜೊತೆಗೆ ಎರಡು ಕರ್ಣಗಳನ್ನೂ ಅಳೆಯಿರಿ. 30 ಮತ್ತು 40 ಇದ್ದರೆ ಕರ್ಣ ಸರಿಯಾಗಿ 50 ಬರಬೇಕು, ಹೈಸ್ಕೂಲಿನ ಪೈಥಾಗೊರಸ್. ಒಂದು ಕರ್ಣ 50ಕ್ಕಿಂತ ಜಾಸ್ತಿ, ಇನ್ನೊಂದು ಕಡಿಮೆ ಬಂದರೆ ಸೈಟು ಮೂಲೆಮಟ್ಟ ಇಲ್ಲ ಅಂತ ಅರ್ಥ. ಆಗ ಚಂದದ ಆಯತ ಬಿಡಿಸಿ ಒಳಗೆ ಮನೆ ಕೂರಿಸಬೇಡಿ. ಅಳೆದ ಹಾಗೇ ಸೊಟ್ಟ ಸೈಟನ್ನು ಬಿಡಿಸಿ, ಮನೆಯನ್ನು ಅದರೊಳಗೆ ಮೂಲೆಮಟ್ಟ ಮಾಡಿ. ಸುತ್ತ ಎಷ್ಟು ಜಾಗ ಬಿಡಬೇಕು ಅನ್ನೋದನ್ನ ನಿಮ್ಮೂರಿನ ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ಮೊದಲೇ ಕೇಳಿಕೊಳ್ಳಿ.

2. ಯುನಿಟ್ ನೋಡದೆ ಒಂದು ಗೆರೆಯನ್ನೂ ಎಳೆಯಬೇಡಿ

ಕಾಲೇಜಿನಲ್ಲಿ ನಾವು ಮಿಲಿಮೀಟರ್ ಜನ. ಊರಿನಲ್ಲಿ ಎಲ್ಲರೂ ಫೂಟು ಇಂಚು. ಆಟೋಕ್ಯಾಡ್‌ನಲ್ಲಿ ಹೊಸ ಫೈಲ್ ತೆರೆದ ಕೂಡಲೇ 'ಯುನಿಟ್ಸ್' ಕಮಾಂಡ್ ಕೊಟ್ಟು 'ಆರ್ಕಿಟೆಕ್ಚರಲ್' ಆಯ್ಕೆ ಮಾಡಿ. ಆಮೇಲೆ ಅಲ್ಲಿ ಒಂದು ಯುನಿಟ್ ಅಂದ್ರೆ ಒಂದು ಇಂಚು. ಮೂವತ್ತು ಫೂಟ್ ಬೇಕಿದ್ದರೆ 30 ಆದಮೇಲೆ ಫೂಟಿನ ಗುರುತು (') ಹಾಕಲೇಬೇಕು. ಮರೆತರೆ ನಿಮ್ಮ ಸೈಟು ಮೂವತ್ತು ಇಂಚು, ಅಂದ್ರೆ ಒಂದು ಸ್ಟೂಲಿನಷ್ಟು.

ಇಂಚಿನಲ್ಲಿ ಬಿಡಿಸಿದ ಫೈಲನ್ನು ಸ್ಕೆಚ್‌ಅಪ್‌ಗೆ ಇಂಪೋರ್ಟ್ ಮಾಡುವಾಗ ಆಪ್ಷನ್ಸ್‌ನಲ್ಲಿ ಅದೇ ಯುನಿಟ್ ಇದೆಯಾ ನೋಡಿ. ಅಲ್ಲಿ ಮಿಲಿಮೀಟರ್ ಇದ್ದರೆ ಮನೆ 25.4 ಪಟ್ಟು ಚಿಕ್ಕದಾಗಿ ಬರುತ್ತೆ. ಸ್ಕ್ರೀನ್ ಮೇಲೆ ಎಲ್ಲೋ ಒಂದು ಚುಕ್ಕೆ ಥರ ಕೂತಿರುತ್ತೆ, ಫೈಲೇ ಬಂದಿಲ್ಲ ಅಂತ ನಾವು ಅಂದುಕೊಳ್ತೀವಿ. ಯಾವ ಸಾಫ್ಟ್‌ವೇರ್ ಆದರೂ ಸರಿ, ಇಂಪೋರ್ಟ್ ಆದ ತಕ್ಷಣ ಗೊತ್ತಿರೋ ಒಂದು ಅಳತೆಯನ್ನು, ಉದಾಹರಣೆಗೆ ಮೂರು ಫೂಟಿನ ಬಾಗಿಲನ್ನು, ಅಳೆದು ನೋಡಿ. ಹತ್ತು ಸೆಕೆಂಡಿನ ಕೆಲಸ.

3. 10.6 ಅಂದ್ರೆ ಎಷ್ಟು?

ಇದು ನಮ್ಮ ಕಡೆಯ ಸ್ಪೆಷಲ್ ಸಮಸ್ಯೆ. ಮಾವ ಚೀಟಿಯಲ್ಲಿ "10.6" ಅಂತ ಬರೆದುಕೊಟ್ಟಿದ್ದರು. ಅವರ ಲೆಕ್ಕದಲ್ಲಿ ಅದು ಹತ್ತು ಫೂಟ್ ಆರು ಇಂಚು. ನಮ್ಮ ಕ್ಯಾಲ್ಕುಲೇಟರ್ ಲೆಕ್ಕದಲ್ಲಿ ಹತ್ತು ಪಾಯಿಂಟ್ ಆರು ಫೂಟ್, ಅಂದ್ರೆ ಹತ್ತು ಫೂಟ್ 7.2 ಇಂಚು. ಒಂದೂ ಚಿಲ್ಲರೆ ಇಂಚು ತಾನೇ ಅನ್ನಬೇಡಿ. "10.10" ಅಂತ ಬರೆದಿದ್ದರೆ? ಅವರದ್ದು ಹತ್ತು ಫೂಟ್ ಹತ್ತು ಇಂಚು, ನಮ್ಮದು ಹತ್ತು ಫೂಟ್ 1.2 ಇಂಚು. ಹೆಚ್ಚುಕಡಿಮೆ ಒಂಬತ್ತು ಇಂಚು, ಒಂದು ಗೋಡೆಯ ದಪ್ಪದಷ್ಟು ವ್ಯತ್ಯಾಸ! ದೊಡ್ಡವರು ಬರೆದುಕೊಟ್ಟ ಅಳತೆಯನ್ನು ಅವರ ಎದುರಿಗೇ ಬಾಯಿಬಿಟ್ಟು ಓದಿ, "ಇಷ್ಟು ಫೂಟು, ಇಷ್ಟು ಇಂಚು" ಅಂತ ಹೇಳಿಸಿಕೊಂಡೇ ಟೈಪ್ ಮಾಡಿ.

4. ಗೋಡೆಗೆ ದಪ್ಪ ಇದೆ

ಮೊದಲ ಸಲ ನಾವು ರೂಮುಗಳನ್ನು ಒಂಟಿ ಗೆರೆಯಲ್ಲಿ ಬಿಡಿಸಿ, ಆಮೇಲೆ ಗೋಡೆ ದಪ್ಪ ಮಾಡಿದ್ವಿ. ದಪ್ಪ ಎಲ್ಲ ರೂಮಿನೊಳಗಿಂದಲೇ ಹೋಯ್ತು. ಹೊರಗೋಡೆ 9 ಇಂಚು, ಒಳಗೋಡೆ ನಾಲ್ಕೂವರೆ ಇಂಚು ಅಂತ ಮೊದಲೇ ಬರೆದಿಟ್ಟುಕೊಂಡು, ಹೊರಗಿನ ಗೆರೆಯಿಂದ ಒಳಕ್ಕೆ 'ಆಫ್‌ಸೆಟ್' ಮಾಡ್ತಾ ಹೋಗಿ. ಮೂಲೆ ಕೂಡಿಸೋಕೆ 'ಫಿಲೆಟ್', ರೇಡಿಯಸ್ ಸೊನ್ನೆ. ಪ್ಲಾಸ್ಟರ್ ಕೂಡ ಜಾಗ ತಿನ್ನುತ್ತೆ: ಒಂದು ಬದಿಗೆ 12 ಮಿಲಿಮೀಟರ್ ಅಂದರೂ ಎರಡು ಬದಿ ಸೇರಿ ಸುಮಾರು ಒಂದು ಇಂಚು. ಬೀರು ಅಥವಾ ಫ್ರಿಜ್ ಸರಿಯಾಗಿ ಕೂರಬೇಕಾದ ಜಾಗದಲ್ಲಿ ಆ ಒಂದು ಇಂಚೇ ಕಾಟ ಕೊಡೋದು.

5. ಹ್ಯಾಚ್ ತುಂಬ್ತಿಲ್ಲ, ಗೆರೆ ಅಳಿಸಿದ್ರೂ ಹೋಗ್ತಿಲ್ಲ

ಗೋಡೆಗೆ ಹ್ಯಾಚ್ ಕೊಟ್ಟರೆ ತುಂಬದೇ ಇದ್ದರೆ ನೂರಕ್ಕೆ ತೊಂಬತ್ತು ಸಲ ಕಾರಣ ಒಂದೇ: ಎಲ್ಲೋ ಒಂದು ಮೂಲೆ ಕೂಡಿಲ್ಲ. ದೂರದಿಂದ ಕೂಡಿದ ಹಾಗೆ ಕಾಣುತ್ತೆ, ಝೂಮ್ ಮಾಡಿದರೆ ಕೂದಲೆಳೆಯಷ್ಟು ಸಂದು. 'ಎಂಡ್‌ಪಾಯಿಂಟ್' ಸ್ನ್ಯಾಪ್ ಆನ್ ಇಟ್ಟುಕೊಂಡು ಬಿಡಿಸಿದರೆ ಈ ತಲೆನೋವು ಬರೋದೇ ಇಲ್ಲ. ಒಂದರ ಮೇಲೊಂದು ಕೂತ ಡಬಲ್ ಗೆರೆ ಇದ್ದರೆ 'ಓವರ್‌ಕಿಲ್' ಕಮಾಂಡ್. ಡ್ಯಾಶ್ ಗೆರೆ ಸಾದಾ ಗೆರೆ ಥರ ಕಾಣ್ತಿದ್ದರೆ 'ಎಲ್‌ಟಿಸ್ಕೇಲ್' ಬದಲಿಸಿ. ಸ್ಕ್ರೀನ್ ಮೇಲೆ ಕಾಣುತ್ತೆ, ಪ್ರಿಂಟ್‌ನಲ್ಲಿ ಬರಲ್ಲ ಅಂದ್ರೆ ಆ ಗೆರೆ 'ಡೆಫ್‌ಪಾಯಿಂಟ್ಸ್' ಅನ್ನೋ ಲೇಯರ್‌ನಲ್ಲಿ ಇರಬಹುದು. ಅದು ಪ್ರಿಂಟ್ ಆಗದ ಲೇಯರ್.

ಸ್ಕೆಚ್‌ಅಪ್‌ನಲ್ಲಿ ನಾಲ್ಕು ಗೆರೆ ಕೂಡಿದರೂ ಮೇಲ್ಮೈ ತುಂಬದಿದ್ದರೆ, ಒಂದು ಗೆರೆ ಆ ಸಮತಲದಿಂದ ಸ್ವಲ್ಪ ಏರಿದೆ ಅಂತ ಅರ್ಥ. ಗೆರೆ ಎಳೆಯುವಾಗ ಬಾಣದ ಕೀಲಿ ಒತ್ತಿ ದಿಕ್ಕು ಲಾಕ್ ಮಾಡಿ: ಬಲಬಾಣ ಕೆಂಪು, ಎಡಬಾಣ ಹಸಿರು, ಮೇಲ್ಬಾಣ ನೀಲಿ. ಗೋಡೆ ಮುಗಿದ ಕೂಡಲೇ ಗ್ರೂಪ್ ಮಾಡಿ. ಇಲ್ಲದಿದ್ದರೆ ಮಂಚ ಗೋಡೆಗೆ ಅಂಟಿಕೊಂಡು, ಮಂಚ ಎಳೆದರೆ ಗೋಡೆಯೂ ಜೊತೆಗೆ ಬರುತ್ತೆ.

6. ಮೆಟ್ಟಿಲು: ಬಿಡಿಸೋಕೆ ಮುಂಚೆ ಎಣಿಸಿ

ನಮ್ಮ ಮೊದಲ ಪ್ಲಾನ್‌ನಲ್ಲಿ ಮೆಟ್ಟಿಲು ಬರೀ ಅಲಂಕಾರ. ಉಳಿದ ಜಾಗದಲ್ಲಿ ಹನ್ನೆರಡು ಗೆರೆ ಎಳೆದು ಬಿಟ್ಟಿದ್ವಿ. ಲೆಕ್ಕ ಹೀಗೆ ಮಾಡಬೇಕು: ನೆಲದಿಂದ ಮೇಲಿನ ಸ್ಲ್ಯಾಬಿನ ಮೇಲ್ಭಾಗಕ್ಕೆ 10 ಫೂಟ್ 6 ಇಂಚು ಇದ್ದರೆ 126 ಇಂಚು. ಒಂದು ಮೆಟ್ಟಿಲಿನ ಎತ್ತರ 7 ಇಂಚು ಹಿಡಿದರೆ 18 ಏರು. ಕೊನೆಯ ಏರು ಸ್ಲ್ಯಾಬಿನ ಮೇಲೇ ಹೋಗಿ ನಿಲ್ಲೋದರಿಂದ ಕಾಲಿಡುವ ಹಾಸು 17. ಹಾಸು 10 ಇಂಚಿನದಾದರೆ ನೇರ ಮೆಟ್ಟಿಲಿಗೆ 170 ಇಂಚು, ಅಂದ್ರೆ 14 ಫೂಟ್ 2 ಇಂಚು ಉದ್ದ ಬೇಕು. ಅಷ್ಟು ಜಾಗ ಇಲ್ಲ ಅಂದ್ರೆ ನಡುವೆ ತಿರುವು ಕೊಟ್ಟು ಒಂಬತ್ತು ಒಂಬತ್ತು ಏರು ಮಾಡಿ. ಆಗ ಒಂದೊಂದು ಬದಿಗೆ ಎಂಟು ಹಾಸು, 6 ಫೂಟ್ 8 ಇಂಚು, ಅದಕ್ಕೆ ತಿರುವಿನ ಕಟ್ಟೆಯ ಅಗಲ ಸೇರಿಸಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ವಾಸದ ಮನೆಯಲ್ಲಿ ಏರು 190 ಮಿಲಿಮೀಟರ್ ದಾಟಬಾರದು, ಹಾಸು 250ಕ್ಕಿಂತ ಕಡಿಮೆ ಇರಬಾರದು. ಅತ್ತೆಗೆ ಮೊಣಕಾಲು ನೋವು. ಅವರ ಮಟ್ಟಿಗೆ ಈ ಲೆಕ್ಕ ದಿನಾ ಅನುಭವಿಸೋ ವಿಷಯ.

7. ಕನ್ನಡದಲ್ಲಿ ಬರೆಯಿರಿ, ಆದರೆ ಫಾಂಟ್ ನೋಡಿ

ನಾವು ಇಂಗ್ಲಿಷ್ ಮೀಡಿಯಂನವರು. ಎಲ್ಲ ರೂಮಿಗೂ ಇಂಗ್ಲಿಷ್ ಹೆಸರು ಬರೆದಿದ್ವಿ. ಅತ್ತೆ ಪ್ಲಾನ್ ನೋಡಿ "ಚಲೋ ಐತಿ" ಅಂದಿದ್ದರು. ಎರಡನೇ ಸಲ 'ಅಡುಗೆ ಮನೆ', 'ಬಚ್ಚಲು', 'ದೇವರ ಮನೆ' ಅಂತ ಕನ್ನಡದಲ್ಲಿ ಬರೆದು ಕೊಟ್ಟಾಗ ಒಂದೇ ನಿಮಿಷದಲ್ಲಿ ಕೇಳಿದರು: "ದೇವರ ಮನಿ ಬಾಗಲಾ ಬಚ್ಚಲಕ್ಕ ಎದುರ ಐತಲ್ಲೋ?" ಎರಡು ವಾರ ನಾವು ಮೂವರೂ ಅದನ್ನ ಗಮನಿಸಿಯೇ ಇರಲಿಲ್ಲ. ಮೊದಲ ಸಲದ "ಚಲೋ ಐತಿ" ಬರೀ ನಮ್ಮ ಮೇಲಿನ ಪ್ರೀತಿಗೆ ಹೇಳಿದ್ದು, ಅವರಿಗೆ ಪ್ಲಾನ್ ಓದೋಕೇ ಬಂದಿರಲಿಲ್ಲ. ಅದು ಗೊತ್ತಾದಾಗ ನಮಗೆ ನಾಚಿಕೆ ಆಯ್ತು. ಆ ಮನೆಯಲ್ಲಿ ಇರೋರು ಅವರು, ಪ್ಲಾನ್ ಅವರಿಗೆ ಅರ್ಥ ಆಗಬೇಕಲ್ವಾ?

ಕನ್ನಡ ಟೈಪ್ ಮಾಡಿದರೆ ಪ್ರಶ್ನೆ ಚಿಹ್ನೆ ಅಥವಾ ಡಬ್ಬಿ ಬರ್ತಿದೆಯಾ? ಆಟೋಕ್ಯಾಡ್‌ನ ಹಳೇ ಎಸ್‌ಎಚ್‌ಎಕ್ಸ್ ಫಾಂಟುಗಳಲ್ಲಿ ಕನ್ನಡ ಅಕ್ಷರ ಇಲ್ಲ. ಟೆಕ್ಸ್ಟ್ ಸ್ಟೈಲ್‌ಗೆ ಹೋಗಿ ತುಂಗಾ, ನಿರ್ಮಲಾ ಅಥವಾ ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಕೊಡಿ. ನುಡಿ, ಬರಹದ ಹಳೇ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದರೆ ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತೆ. ಎರಡರಲ್ಲೂ ಯೂನಿಕೋಡ್ ಆಯ್ಕೆ ಇದೆ, ಅದನ್ನೇ ಬಳಸಿ. ಪ್ರಿಂಟಿಗೆ ಕೊಡುವಾಗ ಡ್ರಾಯಿಂಗ್ ಫೈಲ್ ಬೇಡ, ಪಿಡಿಎಫ್ ಕೊಡಿ. ಒತ್ತಕ್ಷರ ಸರಿ ಬಂದಿದೆಯಾ ಅಂತ ಪಿಡಿಎಫ್ ತೆರೆದು ಒಮ್ಮೆ ಓದಿ.

8. ಪ್ರಿಂಟು: ನಮ್ಮ ಏಳು ಫೂಟಿನ ರಹಸ್ಯ

ನಾವು ಪ್ಲಾನ್ ಮಾಡಿದ್ದು ಎ3 ಹಾಳೆಗೆ, 1:50 ಸ್ಕೇಲ್. ಹತ್ತು ಫೂಟ್ ಅಂದ್ರೆ 3048 ಮಿಲಿಮೀಟರ್, ಹಾಳೆಯ ಮೇಲೆ 61 ಮಿಲಿಮೀಟರ್. ಮಾವ ಝೆರಾಕ್ಸ್ ಅಂಗಡಿಗೆ ಹೋಗಿ ಎ4ನಲ್ಲಿ ಪ್ರಿಂಟ್ ತೆಗೆಸಿದರು. ಎ3ಯಿಂದ ಎ4ಗೆ ಬಂದರೆ ಎಲ್ಲ ಗೆರೆಯೂ 0.707 ಪಟ್ಟು ಆಗುತ್ತೆ. 61 ಹೋಗಿ 43 ಆಯ್ತು. ನಾವು ಹಾಕಿದ್ದ ಎರಡೂವರೆ ಮಿಲಿಮೀಟರ್ ಅಂಕಿಗಳು ಎರಡಕ್ಕಿಂತ ಚಿಕ್ಕದಾಗಿ, ಬಿಸಿಲಲ್ಲಿ ಓದೋಕಾಗದೇ ಹೋದವು. ಹಾಳೆಯ ಕೆಳಗೆ ದೊಡ್ಡದಾಗಿ 1:50 ಅಂತ ಮಾತ್ರ ಇತ್ತು. ಗೌಂಡಿ ಕಾಕಾ ಅದನ್ನೇ ನಂಬಿ ಒಳಗಿನ ರೂಮುಗಳನ್ನು ಪಟ್ಟಿ ಇಟ್ಟು ಅಳೆದರು: 43ನ್ನು 50ರಿಂದ ಗುಣಿಸಿದರೆ 2150 ಮಿಲಿಮೀಟರ್, ಏಳು ಫೂಟು. ಅವರ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ತಪ್ಪಿದ್ದು ನಮ್ಮದು.

ಈಗ ನಾವು ನಾಲ್ಕು ಕೆಲಸ ತಪ್ಪದೆ ಮಾಡ್ತೀವಿ. ಒಂದು, ಪ್ಲಾಟ್ ಮಾಡುವಾಗ 'ಫಿಟ್ ಟು ಪೇಪರ್' ಟಿಕ್ ತೆಗೆಯೋದು. ಎರಡು, ಪಿಡಿಎಫ್ ಪ್ರಿಂಟ್ ಮಾಡುವಾಗ 'ಆ್ಯಕ್ಚುವಲ್ ಸೈಜ್' ಆಯ್ಕೆ ಮಾಡಿಸೋದು, ಹಾಳೆ ಯಾವುದು ಅಂತ ಬರೆದು ಕಳಿಸೋದು. ಮೂರು, ಹಾಳೆಯ ಮೂಲೆಯಲ್ಲಿ ಹತ್ತು ಫೂಟಿನ ಒಂದು ಅಳತೆಪಟ್ಟಿ ಬಿಡಿಸೋದು. ಪ್ರಿಂಟ್ ಚಿಕ್ಕದಾದರೆ ಅದೂ ಚಿಕ್ಕದಾಗುತ್ತೆ, ಹಾಗಾಗಿ ಅದು ಸುಳ್ಳು ಹೇಳಲ್ಲ. ನಾಲ್ಕು, "ಹಾಳೆ ಅಳೆಯಬೇಡಿ, ಬರೆದ ಅಂಕಿಯನ್ನೇ ಹಿಡಿಯಿರಿ" ಅಂತ ಕನ್ನಡದಲ್ಲಿ ದಪ್ಪಗೆ ಬರೆಯೋದು.

9. ಕರೆಂಟ್ ಹೋದ್ರೆ

ಆಟೋಕ್ಯಾಡ್ ಸೆಟ್ಟಿಂಗ್ ಬದಲಿಸದೇ ಇದ್ದರೆ ಹತ್ತು ನಿಮಿಷಕ್ಕೊಮ್ಮೆ ತಾನೇ ಸೇವ್ ಮಾಡುತ್ತೆ, ಎಸ್‌ವಿ ಡಾಲರ್ ಅನ್ನೋ ಬಾಲದ ಫೈಲಿನಲ್ಲಿ. ನೀವು ಸೇವ್ ಮಾಡಿದಾಗ ಹಿಂದಿನ ಪ್ರತಿ ಬಿಎಕೆ ಬಾಲದಲ್ಲಿ ಉಳಿಯುತ್ತೆ. ಎರಡನ್ನೂ ಡಿಡಬ್ಲ್ಯೂಜಿ ಅಂತ ಹೆಸರು ಬದಲಿಸಿ ತೆರೆಯಬಹುದು. ಫೈಲ್ ತೆರೆಯೋಕೇ ಒಪ್ಪದಿದ್ದರೆ 'ರಿಕವರ್', ಸುಮ್ಮನೆ ಭಾರ ಆಗಿದ್ದರೆ 'ಪರ್ಜ್'. ದಿನದ ಕೊನೆಗೆ ತಾರೀಖು ಹಾಕಿ ಬೇರೆ ಹೆಸರಲ್ಲಿ ಒಂದು ಪ್ರತಿ ಇಡಿ. 'ಫೈನಲ್', 'ಫೈನಲ್ 2', 'ಪಕ್ಕಾ ಫೈನಲ್' ಬೇಡ. ಯಾವುದು ನಿಜವಾದ ಫೈನಲ್ ಅಂತ ನಾವು ಒಂದು ರಾತ್ರಿ ಪೂರ್ತಿ ಹುಡುಕಿದ್ದೀವಿ.

ಲ್ಯಾಪ್‌ಟಾಪ್ ಹಳೇದಾ? ಸ್ವೀಟ್ ಹೋಮ್ ತ್ರೀಡಿ, ಲಿಬ್ರೆಕ್ಯಾಡ್ ಎರಡೂ ಉಚಿತ, ಹಗುರ. ಲಿಬ್ರೆಕ್ಯಾಡ್‌ನಲ್ಲಿ ಕೆಲಸ ಮಾಡಿದರೆ ಡಿಎಕ್ಸ್‌ಎಫ್ ಆಗಿ ಸೇವ್ ಮಾಡಿ ಹಂಚಿಕೊಳ್ಳಿ. ಆಟೋಕ್ಯಾಡ್‌ನ ಸ್ಟೂಡೆಂಟ್ ಲೈಸೆನ್ಸ್ ಕಲಿಯೋಕೆ ಮಾತ್ರ, ದುಡ್ಡಿನ ಕೆಲಸಕ್ಕಲ್ಲ ಅನ್ನೋದು ನೆನಪಿರಲಿ.

10. ಸಾಫ್ಟ್‌ವೇರಿಗೆ ಮಣ್ಣು ಗೊತ್ತಿಲ್ಲ

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ರಾಣೇಬೆನ್ನೂರು ಕಡೆ ಎರೆ ಮಣ್ಣು ತುಂಬಾ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ, ಪಾಯ ಸರಿ ಇಲ್ಲದಿದ್ದರೆ ಮೇಲಿನ ಗೋಡೆಯೂ ಬಿರುಕು ಬಿಡುತ್ತೆ. ಸ್ಕ್ರೀನಿನ ಮೇಲೆ ಎಲ್ಲ ನೆಲವೂ ಒಂದೇ ಬಿಳಿ. ಪಾಯದ ಆಳ, ಕಾಲಮ್ಮು, ಬೀಮು, ಕಬ್ಬಿಣ ಇವನ್ನ ನಾವು ಮುಟ್ಟಲೇ ಇಲ್ಲ. ನಮ್ಮ ಪ್ಲಾನನ್ನು ಲೈಸೆನ್ಸ್ ಇರೋ ಎಂಜಿನಿಯರ್ ಹತ್ತಿರ ತಗೊಂಡು ಹೋದ್ವಿ. ಅವರು ಎರಡು ಗೋಡೆ ಸರಿಸಿದರು, ಒಂದು ಕಿಟಕಿ ದೊಡ್ಡದು ಮಾಡಿದರು, ಕಾಲಮ್ಮಿನ ಡ್ರಾಯಿಂಗ್ ಬೇರೆ ಮಾಡಿಕೊಟ್ಟರು. ನಮಗೆ ಸ್ವಲ್ಪ ಬೇಜಾರಾಯ್ತು, ಆಮೇಲೆ ಯಾಕೆ ಅಂತ ಕೇಳಿ ತಿಳಿದುಕೊಂಡ್ವಿ. ಆ ಒಂದು ಗಂಟೆಯಲ್ಲಿ ಕಲಿತಷ್ಟು ಒಂದು ಸೆಮಿಸ್ಟರ್‌ನಲ್ಲಿ ಕಲಿತಿರಲಿಲ್ಲ.

ಈಗ ಮನೆ ಲಿಂಟಲ್ ಮಟ್ಟಕ್ಕೆ ಬಂದಿದೆ. ಹೋದ ವಾರ ಹೋದಾಗ ಬೆಡ್‌ರೂಮಿನಲ್ಲಿ ಟೇಪು ಹಿಡಿದು ನೋಡಿದ್ವಿ: ಹತ್ತು ಫೂಟು, ಪ್ಲಾಸ್ಟರಿಗೆ ಒಂದು ಇಂಚು ಜಾಸ್ತಿ. ಗೌಂಡಿ ಕಾಕಾ ನಕ್ಕು, "ಈಗ ಬೀರು ಕುಂದರ್ತೈತೇನ್ರಿ ಎಂಜಿನಿಯರ್ ಸಾಹೇಬ್ರ?" ಅಂದರು.

ನಿಮ್ಮ ಊರಿನಲ್ಲೂ ಯಾರಾದ್ರೂ ಮನೆ ಪ್ಲಾನ್ ಕೇಳಿದ್ರೆ ಫೈಲ್ ತಗೊಂಡು ಕ್ಲಬ್ ರೂಮಿಗೆ ಬನ್ನಿ, ಒಟ್ಟಿಗೆ ನೋಡೋಣ. ಬರುವಾಗ ಕರ್ಣ ಎರಡೂ ಅಳೆದುಕೊಂಡೇ ಬನ್ನಿ.