ಹ್ಯೂ ಮಸೆಕೇಲಾ ಊದಿದ ಕಲ್ಲಿದ್ದಲ ರೈಲು

ಈ ರೈಲಿನ ಸಿಳ್ಳೆ ಯಾವ ಎಂಜಿನ್ನಿನದೂ ಅಲ್ಲ. ಒಬ್ಬ ಮನುಷ್ಯನ ಗಂಟಲಿನದು!

ಅವರು ದಕ್ಷಿಣ ಆಫ್ರಿಕಾದ ಟ್ರಂಪೆಟ್ ವಾದಕ ಹ್ಯೂ ಮಸೆಕೇಲಾ. 1993ರಲ್ಲಿ ವಾಷಿಂಗ್ಟನ್ನಿನ ಬ್ಲೂಸ್ ಆ್ಯಲಿ ಎಂಬ ಜಾಝ್ ಕ್ಲಬ್ಬಿನಲ್ಲಿ ಜನರ ಮುಂದೆ ನುಡಿಸಿದ್ದನ್ನು ಧ್ವನಿಮುದ್ರಿಸಿದರು. ಮರುವರ್ಷ ಅದು ‘ಹೋಪ್’ ಎಂಬ ಆಲ್ಬಮ್ ಆಗಿ ಬಂತು.

ಆ ಆಲ್ಬಮ್ಮಿನ ಜೀವ ‘ಸ್ಟಿಮೆಲಾ’. ಮಲಾವಿ, ಮೊಝಾಂಬಿಕ್, ಲೆಸೋಥೋ ಕಡೆಗಳಿಂದ ಗಂಡಸರನ್ನು ತುಂಬಿಕೊಂಡು ಜೋಹಾನ್ಸ್‌ಬರ್ಗ್ ಸುತ್ತಲಿನ ಚಿನ್ನದ ಗಣಿಗಳಿಗೆ ತಂದು ಸುರಿಯುತ್ತಿದ್ದ ಕಲ್ಲಿದ್ದಲ ರೈಲಿನ ಹಾಡು. ಮೊದಲು ಮಾತು. ನೆಲದಾಳದ ದುಡಿಮೆ, ಪುಡಿಗಾಸಿನ ಕೂಲಿ, ಊರಲ್ಲಿ ಬಿಟ್ಟುಬಂದ ಹೆಂಡತಿ ಮಕ್ಕಳು, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಹಿಂದೆ ತಾಳ ಚಕ್ರದಂತೆ ಉರುಳುತ್ತದೆ. ಆಮೇಲೆ ರೈಲಿನ ಸಿಳ್ಳೆಯಂಥ ಆ ಕೂಗು! ಮಸೆಕೇಲಾ ಹುಟ್ಟಿದ್ದೇ ವಿಟ್‌ಬ್ಯಾಂಕ್ ಎಂಬ ಕಲ್ಲಿದ್ದಲ ಊರಿನಲ್ಲಿ, 1939ರಲ್ಲಿ. ಗಣಿಕಾರ್ಮಿಕರ ಬದುಕನ್ನು ಅವರು ಕಣ್ಣಾರೆ ಕಂಡವರು.

1960ರಲ್ಲಿ ದೇಶ ಬಿಟ್ಟರು. ಮೂವತ್ತು ವರ್ಷ ಪರದೇಶವಾಸ. ನೆಲ್ಸನ್ ಮಂಡೇಲಾ ಜೈಲಿನಲ್ಲಿದ್ದಾಗ, ಅವರನ್ನು ಮನೆಗೆ ಮರಳಿಸಿ ಎಂದು ಹಾಡು ಕಟ್ಟಿದ್ದರು. ‘ಹೋಪ್’ನಲ್ಲಿ ಆ ಹಾಡೂ ಇದೆ. ಆದರೆ ಈ ಕಛೇರಿಯ ಹೊತ್ತಿಗೆ ಮಂಡೇಲಾ ಬಿಡುಗಡೆಯಾಗಿದ್ದರು. ಬೇಡಿಕೆಯಾಗಿ ಹುಟ್ಟಿದ ಹಾಡು ಇಲ್ಲಿ ಹಬ್ಬದಂತೆ ಕೇಳುತ್ತದೆ.

ಸ್ಪೀಕರ್ ಪರೀಕ್ಷಿಸಲು ‘ಸ್ಟಿಮೆಲಾ’ವನ್ನು ಹಾಕಿ ಕೇಳುವವರು ಬಹಳ. ಅಷ್ಟು ಸ್ವಚ್ಛ ಧ್ವನಿಮುದ್ರಣ. ನನಗೆ ಮಾತ್ರ ಆ ಕಾರ್ಮಿಕರ ಕಥೆಯೇ ಮುಖ್ಯ.

ಸುಮಾರು ಹತ್ತು ನಿಮಿಷದ ಹಾಡು. ಇವತ್ತು ಹೆಡ್‌ಫೋನ್ ಹಾಕಿಕೊಂಡು, ಎಲ್ಲೂ ಮುಂದಕ್ಕೆ ಓಡಿಸದೆ, ಪೂರ್ತಿ ಕೇಳಿ.