ನಿಂತವರ ರೈಲು ಕುಳಿತ ಕಥೆ

ಅಮೆರಿಕದ ಒಹಾಯೊ ರಾಜ್ಯದ ಸೀಡರ್ ಪಾಯಿಂಟ್ ಮನೋರಂಜನಾ ಉದ್ಯಾನದಲ್ಲಿ 1996ರಲ್ಲಿ ‘ಮ್ಯಾಂಟಿಸ್’ ಎಂಬ ರೋಲರ್ ಕೋಸ್ಟರ್ ಆರಂಭವಾಯಿತು. ಅದರಲ್ಲಿ ಕುಳಿತುಕೊಳ್ಳುವಂತಿರಲಿಲ್ಲ, ನಿಂತೇ ಹೋಗಬೇಕಿತ್ತು. ಮೊದಲು ಗೊತ್ತು ಮಾಡಿದ್ದ ಹೆಸರು ‘ಬ್ಯಾನ್‌ಶೀ’. ಐರಿಶ್ ಜನಪದ ಕಥೆಗಳಲ್ಲಿ ಅದು ಮನೆಯೊಳಗಿನ ಸಾವನ್ನು ಮುಂಚೆಯೇ ಅತ್ತು ತಿಳಿಸುವ ಪ್ರೇತ. ಮಕ್ಕಳೊಂದಿಗೆ ಹೋಗುವ ಜಾಗಕ್ಕೆ ಎಂಥ ಹೆಸರು! ಸದ್ಯ, ಬದಲಾಯಿಸಿದರು.

145 ಅಡಿ ಎತ್ತರ, ಗಂಟೆಗೆ ಸುಮಾರು 96 ಕಿ.ಮೀ. ವೇಗ, ನಾಲ್ಕು ಬಾರಿ ತಲೆಕೆಳಗು. ಕಾಲುಗಳ ನಡುವೆ ಸೈಕಲ್ ಸೀಟಿನಂಥ ಆಸರೆಯನ್ನು ಅವರವರ ಎತ್ತರಕ್ಕೆ ಹೊಂದಿಸಿ, ಭುಜಗಳ ಮೇಲೆ ದಪ್ಪ ಪಟ್ಟಿ ಬಿಗಿಯುತ್ತಿದ್ದರು. ತಿರುವಿನಲ್ಲಿ ಮೈಭಾರ ಹೆಚ್ಚಿದಾಗ ಅದನ್ನು ಹೊರಬೇಕಾದದ್ದು ಕಾಲುಗಳೇ. ತಲೆ ಆ ಪಟ್ಟಿಗೆ ಬಡಿಯುತ್ತಿತ್ತು.

2014ರ ಅಕ್ಟೋಬರಿನಲ್ಲಿ ಮ್ಯಾಂಟಿಸ್ ನಿಂತಿತು. ಹಳಿಗಳನ್ನು ಮಾತ್ರ ಕೀಳಲಿಲ್ಲ. 2015ರಲ್ಲಿ ಅದೇ ಹಳಿಗಳ ಮೇಲೆ, ಎಲ್ಲರೂ ಕುಳಿತು ಹೋಗುವ ‘ರೂಗರೂ’ ಓಡತೊಡಗಿತು. ಹೆಸರು ಮತ್ತೆ ಭಯದ್ದೇ: ಲೂಸಿಯಾನಾದ ಕಥೆಗಳಲ್ಲಿ ಬರುವ ತೋಳಮಾನವ!